ನಾಲ್ಕು ತೂತಿನ ರಾಕ್ಷಸ

ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ. "ಮನಸ್ಸಿಗೆ ಬಂದ ಚಿತ್ರ ಬರೆಯಿರಿ" ಎಂದು ನಾನು ಹೇಳಿದ್ದಕ್ಕೆ ಐದನೇ ತರಗತಿಯ ಎಲ್ಲ ಮಕ್ಕಳೂ ಇದನ್ನೇ ಬರೆದು ತಂದುಕೊಟ್ಟರು. ನಾನು ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಬಡಿದು ಕೇಳಿದೆ, "ನಿಮ್ಮೂರಾಗ ತೆಂಗಿನ ಗಿಡ ಎಷ್ಟವ?" ಒಂದೂ ಇಲ್ಲ ಎಂದರು. "ಮತ್ತ ಯಾರ ಊರಿಂದು ಕದ್ದು ತಂದೀರಿ?" ಮಕ್ಕಳು ನಕ್ಕರು. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಸಿಟ್ಟು ನನಗೆ ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ.

ಜನವರಿಯಲ್ಲಿ ಸುತ್ತಲಿನ ಶಾಲೆಗಳೆಲ್ಲ ಸೇರಿ ಮಕ್ಕಳ ಚಿತ್ರಗಳನ್ನು ತೂಗುಹಾಕುವ ಕಾರ್ಯಕ್ರಮವಿತ್ತು. ಹೆಡ್‌ಮಾಸ್ತರರು ನನ್ನನ್ನು ಕರೆದು, "ಟೀಚರ್ರ, ಏನರ ಹೊಸಾದು ಮಾಡ್ಸ್ರಿ. ಪ್ರತಿ ವರ್ಷ ಅದೇ ಗುಡ್ಡ ನೋಡಿ ನನಗ ಆ ಗುಡ್ಡ ಹತ್ತಿದಷ್ಟು ದಣಿವಾಗ್ಯದ" ಎಂದರು. ನಾನು ಮೂರು ದಿನ ಯೋಚಿಸಿ, "ರಾಕ್ಷಸರನ್ನು ಬರೆಸುತ್ತೇನೆ" ಎಂದೆ. ನೋಡಿದವರಿಗೆ ನಿಜವಾಗಿ ಅಂಜಿಕೆಯಾಗಬೇಕು, ಅಂಥವನ್ನು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಡ ಎನ್ನಲಿಲ್ಲ.

ರಾಕ್ಷಸರು ನನಗೆ ಹೊಸಬರಲ್ಲ. ನಾನು ಸುರಪುರದವಳು. ವಾರಕ್ಕೆ ಮೂರು ದಿನ ಟಂಟಂ ರಿಕ್ಷಾ ಹತ್ತಿ ಬೋನಾಳ ಕೆರೆಯಿಂದ ಆಚೆಗಿರುವ ಈ ಊರಿನ ಶಾಲೆಗೆ ಚಿತ್ರ ಕಲಿಸಲು ಬರುತ್ತೇನೆ. ಉಳಿದ ದಿನ ಮನೆಯ ಪಡಸಾಲೆಯಲ್ಲಿ ಕೂತು ಬೋರ್ಡು ಬರೆಯುತ್ತೇನೆ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಗೊಬ್ಬರದ ಅಂಗಡಿ. ಅವುಗಳ ಜೊತೆಗೆ ದೃಷ್ಟಿ ಮುಖಗಳು. ಹೊಸ ಮನೆಯ ಗೋಡೆಗೆ, ಲಾರಿಯ ಹಿಂದೆ, ಟ್ರ್ಯಾಕ್ಟರಿನ ಮುಂದೆ, ಕಂಡವರ ಕೆಟ್ಟ ಕಣ್ಣು ತಾಗದಿರಲಿ ಎಂದು ಕಟ್ಟುತ್ತಾರಲ್ಲ, ಕೋರೆಹಲ್ಲು, ಹೊರಚಾಚಿದ ನಾಲಿಗೆಯ ಆ ಮುಖಗಳು. ಈ ಕೆಲಸ ನನಗೆ ಅಪ್ಪನಿಂದ ಬಂತು. ಅಪ್ಪ ಒಂದೇ ನಿಯಮ ಹೇಳಿಕೊಟ್ಟಿದ್ದ: ಕಣ್ಣು ಕೊನೆಗೆ. ಹಲ್ಲು, ಮೀಸೆ, ಕೊಂಬು ಎಲ್ಲ ಮುಗಿದು ಬಣ್ಣ ಒಣಗಿದ ಮೇಲೆ ಕಣ್ಣು ಇಡಬೇಕು. ಕಣ್ಣಿಟ್ಟ ಮೇಲೆ ಕುಂಚ ಮುಟ್ಟಿಸಬಾರದು. ಅಕಸ್ಮಾತ್ ಆ ಮುಖವನ್ನು ಬಿಚ್ಚಿ ಬೇರೆ ಕಡೆ ಇಡುವ ಪ್ರಸಂಗ ಬಂದರೆ ಬರೆದವರೇ ಹೋಗಿ ಮೊದಲು ಕಣ್ಣು ಮುಚ್ಚಬೇಕು. ಇದನ್ನು ನಾನು ನಂಬುತ್ತೇನೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೆ ಇವತ್ತಿನವರೆಗೆ ಒಮ್ಮೆಯೂ ಮುರಿದಿಲ್ಲ.

ಮೊದಲ ಪಾಠ ಕೆಟ್ಟುಹೋಯಿತು. ಎಲ್ಲರೂ ಮೊಬೈಲಿನಲ್ಲಿ ಕಂಡ ದೆವ್ವವನ್ನೇ ಬರೆದರು: ಬಿಳಿ ಸೀರೆ, ಹರಡಿದ ಕೂದಲು, ಬಾಯಿಂದ ರಕ್ತ. ಅದನ್ನು ನೋಡಿ ಯಾರೂ ಅಂಜಲಿಲ್ಲ, ಬರೆದವರೂ ಅಂಜಿರಲಿಲ್ಲ. ಮನೆಗೆ ಹೋಗುವಾಗ ಟಂಟಂನಲ್ಲಿ ಕೂತು ಯೋಚಿಸಿದೆ. ಪರದೆಯ ಮೇಲಿನದನ್ನು ಬರೆದರೆ ಹೀಗೇ ಆಗುತ್ತದೆ, ಕಣ್ಣೆದುರು ಕಂಡದ್ದನ್ನು ಬರೆಸಬೇಕು.

ಮುಂದಿನ ಪಾಠಕ್ಕೆ ಕರಿಹಲಗೆಯ ಮೇಲೆ ಮೂರು ನಿಯಮ ಬರೆದೆ. ರಾಕ್ಷಸನ ಒಂದೊಂದು ಅಂಗವೂ ನೀವು ಕಣ್ಣಾರೆ ಕಂಡ ವಸ್ತುವಿನಿಂದ ಬರಬೇಕು. ರಬ್ಬರ್ ಮುಟ್ಟಬಾರದು. ಕಣ್ಣು ಕೊನೆಗೆ. ಪೆನ್ಸಿಲ್ ಕಸಿದುಕೊಂಡು ಇದ್ದಿಲು ಹಂಚಿದೆ. ಪೆನ್ಸಿಲ್ ಹಿಡಿದ ಮಗು ಗೆರೆಯ ಬಗ್ಗೆ ಯೋಚಿಸುತ್ತದೆ, ಇದ್ದಿಲು ಹಿಡಿದರೆ ಕತ್ತಲೆಯ ಬಗ್ಗೆ ಯೋಚಿಸುತ್ತದೆ. ಮೊದಲು ಹಾಳೆಯ ತುಂಬ ಇದ್ದಿಲು ಉಜ್ಜಿ ಕಪ್ಪು ಮಾಡಿಸಿದೆ. ಆಮೇಲೆ ಬಟ್ಟೆಯಿಂದ ಒರೆಸಿ ಬೆಳಕು ತೆಗೆಯುವುದನ್ನು ತೋರಿಸಿದೆ. ಕತ್ತಲೆಯೊಳಗಿಂದ ಹಲ್ಲು ಹೊರಬರುವುದನ್ನು ಕಂಡು ಮಕ್ಕಳು ಜಾಗ ಬಿಟ್ಟು ಹತ್ತಿರ ಬಂದರು.

ಬೆಳಕು ಕೆಳಗಿನಿಂದ ಬಿದ್ದರೆ ಮುಖ ಹೇಗೆ ಬದಲಾಗುತ್ತದೆ ಎಂದು ತೋರಿಸಲು ಕಿಟಕಿ ಮುಚ್ಚಿಸಿ, ಮೊಬೈಲಿನ ಟಾರ್ಚ್ ಹಚ್ಚಿ ಗದ್ದದ ಕೆಳಗೆ ಹಿಡಿದುಕೊಂಡೆ. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಎರಡನೇ ತರಗತಿಯ ಮಗುವೊಂದು ಚಿಟ್ಟನೆ ಚೀರಿತು. ಮರುದಿನ ಹೆಡ್‌ಮಾಸ್ತರರು ನನ್ನನ್ನು ಕರೆದರು. "ಟೀಚರ್ರ, ಹುಡುಗ್ರು ಹಾಸಿಗಿ ತೋಯ್ಸಾಕತ್ತಾವಂತ. ಮೂರು ಮಂದಿ ತಾಯಂದ್ರು ಬಂದು ಹೋದ್ರು. ಒಂದು ವಾರ ಬಂದ್ ಮಾಡ್ರಿ." ನಾನು ವಾದ ಮಾಡಿದೆ, ಸೋತೆ. ಒಂದು ವಾರದ ನಂತರ ಬಾಗಿಲು ಕಿಟಕಿ ತೆರೆದಿಟ್ಟು, ಹಾಡುಹಗಲಿನಲ್ಲಿ ಮಾತ್ರ ರಾಕ್ಷಸರನ್ನು ಬರೆಸಬೇಕೆಂಬ ಕರಾರಿನ ಮೇಲೆ ಪಾಠ ಮತ್ತೆ ಶುರುವಾಯಿತು.

ಆ ದಿನ ರಬ್ಬರ್ ಯಾಕೆ ಬೇಡ ಎಂಬುದನ್ನು ವಿವರಿಸುತ್ತ ನನ್ನದೇ ಒಂದು ಕಥೆ ಹೇಳಿದೆ. ಹೋದ ವರ್ಷ ಟ್ರ್ಯಾಕ್ಟರ್ ಇಟ್ಟುಕೊಂಡ ಒಬ್ಬರು ತಗಡು ತಂದುಕೊಟ್ಟು ದೃಷ್ಟಿ ಮುಖ ಬರೆಸಿಕೊಂಡಿದ್ದರು. ಎಡಗಡೆಯ ಕೋರೆಹಲ್ಲು ಬರೆಯುವಾಗ ಕುಂಚ ಜಾರಿತು. ಅಳಿಸಲಿಲ್ಲ, ಅದನ್ನೇ ಮುರಿದ ಹಲ್ಲು ಮಾಡಿದೆ. ಮುಖ ಇನ್ನೂ ಭಯಂಕರವಾಯಿತು. ತಗಡಿನ ನಾಲ್ಕೂ ಮೂಲೆಗೆ ಒಂದೊಂದು ತೂತಿತ್ತು. ಅವನ್ನೂ ಬಿಡಲಿಲ್ಲ, ಮೇಲಿನ ಎರಡಕ್ಕೆ ಕೊಂಬಿನ ತುದಿ ಸುತ್ತಿದೆ, ಕೆಳಗಿನ ಎರಡಕ್ಕೆ ಕಿವಿಯ ಕಡಕು ಬರೆದೆ. "ತಪ್ಪು ಅನ್ನೋದು ಇಲ್ಲ, ಅದನ್ನ ಹ್ಯಾಂಗ ಬಳಸ್ತೀರಿ ಅನ್ನೋದದ" ಎಂದೆ. ಬಹಳ ಹೆಮ್ಮೆಯಿಂದಲೇ ಹೇಳಿದೆ.

ಕಿಟಕಿಯ ಪಕ್ಕದ ಸಾಲಿನಲ್ಲಿ ಕೂರುವ ಒಬ್ಬ ಹುಡುಗಿ ಆಗ ತಲೆಯೆತ್ತಿ ನನ್ನನ್ನು ನೋಡಿದಳು. ತೆಳ್ಳಗಿನ ಹುಡುಗಿ, ಎರಡು ಜಡೆ, ಮಾತು ಕಡಿಮೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುವ ಕೈ ಅವಳದು. ಆ ದಿನದಿಂದ ಅವಳ ಇದ್ದಿಲು ನಿಂತುಬಿಟ್ಟಿತು.

ಉಳಿದ ಮಕ್ಕಳ ರಾಕ್ಷಸರು ದಿನದಿನಕ್ಕೆ ಬೆಳೆಯುತ್ತಿದ್ದರು. ಒಬ್ಬನ ರಾಕ್ಷಸನಿಗೆ ಕುಕ್ಕರಿನ ಹೊಟ್ಟೆ, ತಲೆಯ ಮೇಲೆ ಸೀಟಿ. ಒಬ್ಬಳದಕ್ಕೆ ಬೋನಾಳ ಕೆರೆಯ ಹಕ್ಕಿಯ ಉದ್ದ ಕಾಲು, ಎಮ್ಮೆಯ ಮೂತಿ, ಸೂಜಿ ಚುಚ್ಚುವ ನರ್ಸಮ್ಮನ ಕೈ. ಈ ಹುಡುಗಿಯ ಹಾಳೆ ಮಾತ್ರ ಬರೀ ಕಪ್ಪು. ಮೂರು ಪಾಠ ಹಾಗೇ ಹೋಯಿತು. ಮೊದಲು ಬುದ್ಧಿ ಹೇಳಿದೆ, ಎರಡನೇ ಸಲ ಗದರಿದೆ. ಮೂರನೇ ಸಲ ಎಲ್ಲರ ಎದುರಿಗೆ, "ನಿನಗ ಯಾವದಕ್ಕೂ ಅಂಜಿಕಿ ಇಲ್ಲೇನು? ದೊಡ್ಡ ಧೈರ್ಯವಂತಿ" ಎಂದು ಹಂಗಿಸಿದೆ. ಅವಳು ಅಳಲಿಲ್ಲ. ಇದ್ದಿಲು ಹತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕಿಟಕಿಯ ಹೊರಗೆ ನೋಡಿದಳು. ಹಂಗಿಸಿದ್ದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕನೇ ಪಾಠ ಬಂದದ್ದು ಎಳ್ಳಮಾವಾಸ್ಯೆಗೆ ಮೂರು ದಿನ ಇರುವಾಗ. ಊರ ಸುತ್ತ ತೊಗರಿ ರಾಶಿ ನಡೆದಿತ್ತು. ಮುಂಜಾನೆಯಿಂದ ಕಾಲುವೆಯ ಆಚೆ ಕಾಳು ಬಿಡಿಸುವ ರಾಶಿ ಮಷಿನ್ನಿನ ಸದ್ದು ಬಿಡದೆ ಕೇಳುತ್ತಿತ್ತು. ಆ ಸದ್ದು ಏರಿದಾಗಲೆಲ್ಲ ಹುಡುಗಿ ಕಿಟಕಿಯ ಕಡೆ ತಿರುಗುತ್ತಿದ್ದಳು. ಆಮೇಲೆ ಯಾವಾಗ ಶುರು ಮಾಡಿದಳೋ ಗೊತ್ತಾಗಲಿಲ್ಲ. ಹಾಳೆಗಳನ್ನು ನೋಡುತ್ತ ಅವಳ ಹತ್ತಿರ ಬರುವ ಹೊತ್ತಿಗೆ ಚಿತ್ರ ಮುಗಿಯುತ್ತ ಬಂದಿತ್ತು.

ಕತ್ತಲೆಯೊಳಗಿಂದ ಒಂದು ಮುಖ ಎದ್ದು ಬಂದಿತ್ತು. ಚಾಚಿದ ನಾಲಿಗೆ, ಎಡಗಡೆಯ ಕೋರೆಹಲ್ಲು ಮುರಿದದ್ದು. ನಾಲ್ಕು ಮೂಲೆಗೆ ನಾಲ್ಕು ತೂತು, ಮೇಲಿನ ಎರಡಕ್ಕೆ ಕೊಂಬು, ಕೆಳಗಿನ ಎರಡಕ್ಕೆ ಕಡಕು. ನನ್ನ ಕೈಯ ಕೆಲಸ. ಆ ಮುಖದ ಕೆಳಗೆ ಒಂದು ದೊಡ್ಡ ಗಾಲಿ, ಗಾಲಿಗೆ ಸುತ್ತಿದ ಅಗಲ ಬೆಲ್ಟು. ಗಾಲಿ ಮತ್ತು ಬೆಲ್ಟಿನ ನಡುವೆ ಕಚ್ಚಿಕೊಂಡ ಒಂದು ಬಟ್ಟೆ. ಇಡೀ ಚಿತ್ರದಲ್ಲಿ ಅದೊಂದಕ್ಕೇ ಹಸಿರು ಕ್ರೇಯಾನ್ ಹಚ್ಚಿದ್ದಳು. ಮುಖಕ್ಕೆ ಕಣ್ಣು ಇರಲಿಲ್ಲ.

ನಾನು ಅವಳ ಪಕ್ಕ ಕೂತೆ. "ಈ ಮಾರಿ, ಈ ಮುಖಾ ಎಲ್ಲಿ ನೋಡಿದಿ?"

"ರಾಶಿ ಮಷಿನ್ ಮ್ಯಾಗರಿ. ನಮ್ಮವ್ವ ಅಲ್ಲಿ ತೊಗರಿ ಸಿವುಡು ಹಾಕ್ತಾಳ."

"ಕೆಳಗ ಗಾಲಿ ಚಿತ್ರ ಯಾಕ ತೆಗದಿ?"

"ಈ ತಗಡು ಮದ್ಲ ಗಾಲಿ ಮುಚ್ಚಿತ್ತರಿ, ಮುಚ್ಚಳದಾಂಗ. ತೊಗರಿ ಕಟಗಿ ಒಳಗ ಸಿಕ್ಕೊಂಡು ಮಷಿನ್ ಘಡಿಘಡಿ ನಿಂದರತಿತ್ತಂತ. ಅದಕ್ಕ ಬಿಚ್ಯಾರ. ಗಾಲಿ ಬಾಜೂಕ ಅವೇ ನಾಕು ತೂತು ಇನ್ನಾ ಅವರಿ."

"ಈ ಹಸರು?"

ಅವಳು ತಲೆ ತಗ್ಗಿಸಿದಳು. ಹಾಳೆಯನ್ನೇ ನೋಡುತ್ತ ಹೇಳಿದಳು, "ಅವ್ವನ ಸೀರಿ. ನೀವು ಆ ಕತಿ ಹೇಳೂಕಿಂತ ಮದ್ಲಿನ ಐತ್ವಾರ ನಾನೂ ಹೋಗಿದ್ನಿ. ಸೆರಗು ಎಳಕೊಂತು. ಹಳೀ ಸೀರಿ, ಹರೀತು, ಅದಕ್ಕ ಅವ್ವ ಉಳದ್ಲು. ಎಲ್ಲಾರೂ ನಕ್ಕರು, ಅವ್ವಾನೂ ನಕ್ಳು. ಯಾರ ಮುಂದೂ ಹೇಳಬ್ಯಾಡ ಅಂದಾಳ್ರಿ. ಹೇಳಿದ್ರ ಕೆಲಸಕ್ಕ ಕರಿಯಂಗಿಲ್ಲಂತ."

"ನನಗರ ಮದ್ಲೇ ಯಾಕ ಹೇಳಲಿಲ್ಲವಾ?"

"ಅದು ನೀವ ತೆಗದ ಮಾರಿ ಅಲ್ಲೇನ್ರಿ?"

ಆ ಟ್ರ್ಯಾಕ್ಟರಿನವರು ತಗಡು ತಂದ ದಿನ ನೆನಪಾಯಿತು. ಎರಡು ಅಂಚು ಒಳಕ್ಕೆ ಬಾಗಿದ್ದವು. "ಇದು ಯಾವುದರ ತಗಡು?" ಎಂದು ನಾನು ಕೇಳಿದ್ದೆ. "ಬ್ಯಾಡಾದದ್ದು, ಮನ್ಯಾಗ ಬಿದ್ದಿತ್ತು" ಎಂದಿದ್ದರು. ಬೋಲ್ಟಿನ ತೂತು ಎಂದು ನೋಡಿದರೆ ತಿಳಿಯುತ್ತಿತ್ತು. ನಾನು ತಿಳಿದುಕೊಳ್ಳುವ ಗೋಜಿಗೆ ಹೋಗದೆ ಅವಕ್ಕೆ ಕಡಕು ಹಾಕಿ ಚಂದ ಮಾಡಿದ್ದೆ.

"ಕಣ್ಣು ಯಾಕ ಇಟ್ಟಿಲ್ಲ?" ಎಂದು ಕೇಳಿದೆ.

"ಕಣ್ಣಿಟ್ರ ಅದಕ್ಕ ಜೀವ ಬರ್ತದಲ್ರಿ, ಅವ್ವ ಇನ್ನಾ ಅಲ್ಲೇ ಅದಾಳ್ರಿ" ಎಂದಳು. ಕಾಲುವೆಯ ಆಚೆಯ ಸದ್ದು ಮತ್ತೆ ಏರಿತು.

ಹೆಡ್‌ಮಾಸ್ತರರು ಬಿಸಿಯೂಟದ ಅಕ್ಕಿ ತೂಗಿಸುತ್ತಿದ್ದರು. ಹಾಳೆಯನ್ನು ಅವರ ಮುಂದೆ ಹಿಡಿದು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನೋಡಿದರು. "ಟೀಚರ್ರ, ಅದು ಸಾವ್ಕಾರ್ರ ಮಷಿನ್. ನಮ್ಮ ಕಂಪೌಂಡಿಗೆ ಗೇಟ್ ಹಾಕ್ಸಿದವ್ರು ಅವ್ರ. ಸಂಜೀಕ ಮನೀಗೆ ಹೋಗಿ ಸಮಾಧಾನದಿಂದ ಮಾತಾಡೂಣು."

"ಸಂಜೀತನ ಬೆಲ್ಟು ಸಮಾಧಾನದಿಂದ ಇರ್ತದೇನ್ರಿ?"

ಅವರು ತಕ್ಕಡಿಯನ್ನು ಅಡುಗೆಯವರ ಕೈಗೆ ಕೊಟ್ಟು ಬೈಕಿನ ಕೀಲಿ ತೆಗೆದುಕೊಂಡರು. ಅವರೂ ಅಂಜಿದ್ದರು ಎಂಬುದು ದಾರಿಯಲ್ಲಿ ತಿಳಿಯಿತು. ಯಾವತ್ತೂ ಸೈಕಲ್ಲಿನಷ್ಟೇ ವೇಗದಲ್ಲಿ ಹೋಗುವ ಮನುಷ್ಯ ಅವತ್ತು ಕಾಲುವೆಯ ದಂಡೆಯ ಮೇಲೆ ಗುಂಡಿಗಳನ್ನು ಲೆಕ್ಕಿಸದೆ ಓಡಿಸಿದರು. ನಾನು ಹಾಳೆಯನ್ನು ಎದೆಗವಚಿಕೊಂಡು ಹಿಂದೆ ಕೂತಿದ್ದೆ. ಸದ್ದು ಹತ್ತಿರವಾಗುತ್ತಿತ್ತು. ಸದ್ದು ಇದೆ ಎಂದರೆ ಮಷಿನ್ ನಡೆದಿದೆ. ಸದ್ದು ಥಟ್ಟನೆ ನಿಂತರೆ? ಅದು ಇನ್ನೂ ಕೆಟ್ಟದ್ದು ಎಂದು ಹೊಳೆದು, ನಿಲ್ಲದಿರಲಿ ನಿಲ್ಲದಿರಲಿ ಎಂದು ಬೇಡಿಕೊಳ್ಳತೊಡಗಿದೆ.

ಹೊಲದ ನಡುವೆ ಹೊಟ್ಟಿನ ಧೂಳು ಮೋಡವಾಗಿತ್ತು. ಟ್ರ್ಯಾಕ್ಟರಿನ ಸೀಟಿನಲ್ಲಿ ಯಾರೂ ಇರಲಿಲ್ಲ, ಅದು ತನ್ನಷ್ಟಕ್ಕೆ ಗುಡುಗುತ್ತಿತ್ತು. ಟ್ರ್ಯಾಕ್ಟರಿನಿಂದ ಬಂದ ಕಬ್ಬಿಣದ ಸಲಾಕೆ ಗಾಲಿಯನ್ನು ತಿರುಗಿಸುತ್ತಿತ್ತು, ಗಾಲಿಯ ಮೇಲೆ ಬೆಲ್ಟು ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುತ್ತಿತ್ತು. ಗಾಲಿಯ ಸುತ್ತ ನಾಲ್ಕು ಖಾಲಿ ತೂತು. ಮಷಿನ್ನಿನ ನೆತ್ತಿಯ ಮೇಲೆ, ತಂತಿಯಿಂದ ಬಿಗಿದ ನನ್ನ ರಾಕ್ಷಸ, ಎಲ್ಲಿಯೋ ದೂರ ನೋಡುತ್ತ ನಾಲಿಗೆ ಚಾಚಿಕೊಂಡಿದ್ದ.

ಆ ಗಾಲಿಯಿಂದ ಒಂದು ಮೊಳದ ಅಂತರದಲ್ಲಿ ಹುಡುಗಿಯ ತಾಯಿ ನಿಂತಿದ್ದಳು. ಸೀರೆಯ ಮೇಲೆ ಗಂಡಸರ ಅಂಗಿ, ಧೂಳಿಗೆ ಮೂಗು ಬಾಯಿ ಸುತ್ತಿಕೊಂಡ ಟವೆಲು. ಟವೆಲಿನ ಒಂದು ತುದಿ ಬಿಚ್ಚಿ ಬೆನ್ನ ಮೇಲೆ ತೂಗುತ್ತಿತ್ತು. ಆಕೆ ಬಗ್ಗಿ ತೊಗರಿ ಗಿಡದ ಕಟ್ಟನ್ನು, ಸಿವುಡನ್ನು ಎತ್ತಿದಾಗ ಅದು ಮುಂದಕ್ಕೆ ಬೀಳುತ್ತಿತ್ತು, ನೆಟ್ಟಗೆ ನಿಂತಾಗ ಹಿಂದಕ್ಕೆ ಹೋಗುತ್ತಿತ್ತು. ಒಂದು ಸಲ ಬೆಲ್ಟಿನ ಗಾಳಿಗೆ ಅದು ತಾನಾಗಿ ಎದ್ದು ಗಾಲಿಯ ಕಡೆ ವಾಲಿತು, ಮತ್ತೆ ಇಳಿಯಿತು.

ಕೂಗಬೇಕೆಂದು ಬಾಯಿ ತೆರೆದೆ. ತಕ್ಷಣ ಮುಚ್ಚಿಕೊಂಡೆ. ನಾನು ಆಕೆಯ ಹಿಂದೆ ಇದ್ದೆ. ಕೂಗಿದರೆ ಆಕೆ ತಿರುಗುತ್ತಾಳೆ. ತಿರುಗಿದರೆ ಆ ಟವೆಲು ಸುತ್ತು ಹೊಡೆದು ನೇರ ಬೆಲ್ಟಿಗೆ ಹೋಗುತ್ತದೆ. ಇಷ್ಟನ್ನು ಯೋಚಿಸಲು ಒಂದು ಗಳಿಗೆಯೂ ಹಿಡಿದಿರಲಿಕ್ಕಿಲ್ಲ, ಆದರೆ ನನ್ನ ಜೀವನದಲ್ಲಿ ಅದಕ್ಕಿಂತ ಉದ್ದನೆಯ ಗಳಿಗೆ ಇನ್ನೊಂದಿಲ್ಲ. ಸಾವ್ಕಾರರು ಆ ಕಡೆ ಚೀಲ ತುಂಬಿಸುತ್ತಿದ್ದರು. ಹೆಡ್‌ಮಾಸ್ತರರಿಗೆ ಅವರತ್ತ ಕೈ ತೋರಿಸಿ, ನಾನು ದೂರದಿಂದ ಸುತ್ತು ಹಾಕಿ ತಾಯಿ ಮುಖ ಮಾಡಿದ ದಿಕ್ಕಿಗೆ ನಡೆದೆ. ಓಡಲಿಲ್ಲ, ಓಡಿದರೆ ಬೇರೆ ಯಾರಾದರೂ ಆಕೆಯನ್ನು ಕರೆದಾರು ಎಂಬ ಭಯ. ಅದು ಹೊಟ್ಟು ಹಾರಿ ಬೀಳುವ ಕಡೆ. ಕಣ್ಣು, ಮೂಗು, ಬಾಯಿ ತುಂಬ ಹೊಟ್ಟು. ಅಂದಾಜಿನಿಂದ ಆಕೆಯ ಎದುರಿಗೆ ನಿಂತು, ಹುಡುಗಿಯ ಹಾಳೆಯನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದೆ.

ಮೊದಲ ಸಿವುಡಿಗೆ ಆಕೆ ನೋಡಲಿಲ್ಲ. ಎರಡನೆಯದಕ್ಕೂ ನೋಡಲಿಲ್ಲ. ಮೂರನೆಯದನ್ನು ಎತ್ತಿ ತಲೆಯೆತ್ತಿದವಳು ಹಾಗೇ ನಿಂತಳು. ಕಣ್ಣಿಲ್ಲದ ಮುಖವನ್ನು ನೋಡಿದಳು, ಗಾಲಿಯನ್ನು ನೋಡಿದಳು, ಹಸಿರು ಬಟ್ಟೆಯನ್ನು ನೋಡಿದಳು. ಸಿವುಡು ಕೈಯಿಂದ ಕೆಳಗೆ ಬಿತ್ತು. ಆಕೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ ಒಂದು ಹೆಜ್ಜೆ ಹಿಂದಕ್ಕೆ ಸರಿದಳು, ಇನ್ನೊಂದು ಹೆಜ್ಜೆ ಸರಿದಳು. ಅಷ್ಟರಲ್ಲಿ ಸಾವ್ಕಾರರು ಎಂಜಿನ್ ಬಂದ್ ಮಾಡಿದರು. ಗಾಲಿ ನಿಲ್ಲಲು ಬಹಳ ಹೊತ್ತು ತೆಗೆದುಕೊಂಡಿತು.

ನಾನು ಹೊಟ್ಟಿನ ರಾಶಿಯ ಮೇಲೆ ಕೂತುಬಿಟ್ಟೆ. ತಾಯಿ ಹತ್ತಿರ ಬಂದಳು. ನನಗೆ ಕೃತಜ್ಞತೆಯ ಮಾತು ಬೇಕಿರಲಿಲ್ಲ, ಆಕೆ ಹೇಳಲೂ ಇಲ್ಲ. "ಅಕ್ಕೋರ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಕೆಲಸ ತಪ್ಪಿಸಬ್ಯಾಡ್ರಿ" ಎಂದಳು. ಟವೆಲಿನ ಮೇಲೆ ಕಾಣುತ್ತಿದ್ದ ಕಣ್ಣುಗಳಲ್ಲಿ ಗಾಲಿಯ ಅಂಜಿಕೆಗಿಂತ ದೊಡ್ಡ ಅಂಜಿಕೆ ಇತ್ತು. ನಾನು ಹಾಳೆಯನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡೆ.

ಸಾವ್ಕಾರರು ಧೋತರದ ಹೊಟ್ಟು ಕೊಡವುತ್ತ ಬಂದರು. "ಏನಾಯ್ತು ಅಕ್ಕೋರ? ಯಾರೇನು ಹೇಳಿದ್ರು?"

"ಯಾರೂ ಹೇಳಿಲ್ರಿ ಸಾವ್ಕಾರ್ರ. ನಾನ ತೆಗದ ಮಾರಿ, ನಾನ ನೋಡಾಕ ಬಂದೀನಿ. ಆ ತಗಡು ಗಾಲಿದ ಅಲ್ಲೇನ್ರಿ? ಬಿಚ್ಚಿ ಗಾಲಿಗೆ ಹಚ್ಚ್ರಿ."

ಅವರು ಜಗಳ ತೆಗೆಯುತ್ತಾರೆ ಎಂದುಕೊಂಡಿದ್ದೆ, ತೆಗೆಯಲಿಲ್ಲ. ಮೇಲೆ ತಗಡಿನ ಕಡೆ ನೋಡಿ ಧ್ವನಿ ತಗ್ಗಿಸಿದರು. "ಗಾಲಿಗಿ ಬ್ಯಾರೆ ತಗಡು ಮಾಡಿಸ್ತೀನಿ, ಅಮಾಸಿ ಆದಮ್ಯಾಲ. ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಹಳೀ ಟ್ರ್ಯಾಕ್ಟರ್ ಕಾಲವಿಗೆ ಬಿದ್ದಾಗ ನನ್ನ ತಮ್ಮ ಅದರ ಮ್ಯಾಲ ಇದ್ದ. ಅವ ಹೋದಮ್ಯಾಲ ಕಟ್ಟಿಸಿದ್ದು ಈ ಮಾರಿ. ಅಂದಿನಿಂದ ಒಂದು ಹನಿ ರಕ್ತ ಬಿದ್ದಿಲ್ಲ. ಅಮಾಸಿ ಮುಂದ ಬಿಚ್ಚಿದ್ರ ಏನಾರ ಆದ್ರ ಯಾರು ಹೊಣಿ?"

ಆಗ ನನಗೆ ಅರ್ಥವಾಯಿತು. ಈತ ಕೆಟ್ಟ ಮನುಷ್ಯನಲ್ಲ. ತಮ್ಮನನ್ನು ಕಳೆದುಕೊಂಡು ಅಂಜಿದ್ದ. ಆ ಅಂಜಿಕೆಯಲ್ಲಿ, ಬಿಚ್ಚಿಟ್ಟಿದ್ದ ಗಾಲಿಯ ಮುಚ್ಚಳಕ್ಕೇ ಮುಖ ಬರೆಸಿ ನೆತ್ತಿಯ ಮೇಲೆ ಕಟ್ಟಿ, ಇನ್ನು ಏನೂ ಆಗುವುದಿಲ್ಲ ಎಂದು ನೆಮ್ಮದಿಯಾಗಿದ್ದ. ಹರಿದ ಸೆರಗನ್ನು ಕಂಡು ಎಲ್ಲರೂ ನಕ್ಕದ್ದೂ ಅದಕ್ಕೇ. ಮೇಲೆ ರಾಕ್ಷಸ ಕಾಯುತ್ತಿದ್ದಾನೆ ಎಂಬ ಧೈರ್ಯ. ಅಮಾವಾಸ್ಯೆಗೆ ಮೂರು ದಿನವಿತ್ತು. ಮೂರು ದಿನದಲ್ಲಿ ಎಷ್ಟು ಸಿವುಡು, ಆ ಟವೆಲು ಎಷ್ಟು ಸಲ ಗಾಲಿಯ ಕಡೆ ವಾಲೀತು?

ಇದೆಲ್ಲ ಮೂಢನಂಬಿಕೆ ಎಂದು ಭಾಷಣ ಮಾಡಬಹುದಿತ್ತು. ಹೆಡ್‌ಮಾಸ್ತರರು ಅದನ್ನೇ ಶುರು ಮಾಡಲು ಗಂಟಲು ಸರಿಮಾಡಿಕೊಂಡರು. ನಾನು ಅವರನ್ನು ತಡೆದೆ. ಅಪ್ಪ ಹೇಳಿಕೊಟ್ಟದ್ದನ್ನು ಆ ಹೊತ್ತು ಬಳಸದಿದ್ದರೆ ಇನ್ನು ಯಾವಾಗ ಬಳಸುವುದು?

"ಕಣ್ಣು ಮುಚ್ಚಿ ಬಿಚ್ಚಿದ್ರ ದೋಷ ಇಲ್ರಿ" ಎಂದೆ. "ಬರದವ್ರು ಮುಚ್ಚಬೇಕು, ಅಷ್ಟ. ನಾನ ಬರದೀನಿ, ನಾನ ಮುಚ್ತೀನಿ. ಮಾರಿ ನಿಮ್ಮ ಮಷಿನ್ ಬಿಟ್ಟು ಎಲ್ಲೂ ಹೋಗಂಗಿಲ್ಲ. ಮ್ಯಾಲ ಕುಂತು ಆಕಾಶ ಕಾಯೋದು ಬಿಟ್ಟು ಗಾಲಿ ಕಾಯ್ತದ."

ಸಾವ್ಕಾರರು ಮೇಲಿನ ಮುಖವನ್ನೊಮ್ಮೆ, ಬೋಳು ಗಾಲಿಯನ್ನೊಮ್ಮೆ ನೋಡಿದರು. ಆಮೇಲೆ ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ನಾಲ್ಕು ಬೋಲ್ಟು, ಅವನ್ನು ತಿರುಗಿಸುವ ಪಾನಾ ತಂದು ಹೆಡ್‌ಮಾಸ್ತರರ ಕೈಗೆ ಕೊಟ್ಟರು.

ಮಷಿನ್ನಿನ ಮೇಲೆ ಹತ್ತಿದೆ. ಗಾಲಿಯ ಬುಡದ ಕಪ್ಪು ಗ್ರೀಸನ್ನು ಬೆರಳಿಗೆ ತೆಗೆದುಕೊಂಡು ಹೋಗಿದ್ದೆ. ಹತ್ತಿರದಿಂದ ನೋಡಿದರೆ ಮುಖ ಚೆನ್ನಾಗಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಮೊದಲು ಎಡಗಣ್ಣಿಗೆ ಬಳಿದೆ, ಆಮೇಲೆ ಬಲಗಣ್ಣಿಗೆ. ನಂಬದವಳಾದರೂ, ಎಲ್ಲೂ ಸಂದು ಉಳಿಯದಂತೆ ಇನ್ನೊಂದು ಸಲ ಬಳಿದೆ. ಹೆಡ್‌ಮಾಸ್ತರರು ತಂತಿ ಬಿಚ್ಚಿದರು. ತಗಡನ್ನು ಕೆಳಗಿಳಿಸಿ ಗಾಲಿಯ ಮೇಲೆ ಇಟ್ಟಾಗ ನಾಲ್ಕು ತೂತಿಗೆ ನಾಲ್ಕು ತೂತು ಬರೋಬ್ಬರಿ ಕೂತವು. ಬಾಗಿದ ಅಂಚು ಗಾಲಿಯ ಎರಡೂ ಬದಿ ಮುಚ್ಚಿತು. ನನ್ನ ಕಡಕಿನ ನಡುವೆ, ಕೊಂಬಿನ ತುದಿಯಲ್ಲಿ ಬೋಲ್ಟು ತಿರುಗಿಸುವುದನ್ನು ನೋಡುತ್ತ ನಿಂತೆ. ಒಂದು ವರ್ಷ ಆ ತೂತುಗಳು ಇದಕ್ಕಾಗಿಯೇ ಕಾದಿದ್ದವು.

"ಈಗ ಕಣ್ಣು ತೆರೀರಿ ಅಕ್ಕೋರ. ಕಣ್ಣಿಲ್ಲದ ಮಾರಿ ಇಟ್ಟು ನಾ ಮಷಿನ್ ಚಾಲೂ ಮಾಡಂಗಿಲ್ಲ" ಎಂದರು ಸಾವ್ಕಾರರು.

"ನಾ ತೆರಿಯಂಗಿಲ್ರಿ. ಒಮ್ಮಿ ತೆರದು ತಪ್ಪು ಮಾಡೀನಿ. ನನಗಿಂತ ಛಲೋ ಕೈಯ ಹುಡುಗಿ ಒಬ್ಬಾಕಿ ನಮ್ಮ ಸಾಲ್ಯಾಗ ಅದಾಳ, ಆಕಿ ತೆರೀಲಿ." ತಾಯಿ ನನ್ನ ಮುಖ ನೋಡಿದಳು. ಹೆಡ್‌ಮಾಸ್ತರರು ಹುಡುಗಿಯನ್ನು ಕರೆತರಲು ಬೈಕ್ ತಿರುಗಿಸಿದರು.

ಅವರು ಬರುವತನಕ ಹೆಂಗಸರು ಬೇವಿನ ಗಿಡದ ನೆರಳಿನಲ್ಲಿ ರೊಟ್ಟಿ ಬಿಚ್ಚಿದರು. ನನಗೂ ಒಂದು ಕೊಟ್ಟರು. ನಾನು ಅದನ್ನು ಕೈಯಲ್ಲೇ ಹಿಡಿದು ಕೂತೆ. ತಾಯಿ ನನ್ನ ಪಕ್ಕದಲ್ಲೇ ಕೂತು ಟವೆಲಿನ ತುದಿಯನ್ನು ಮತ್ತೆ ಮತ್ತೆ ಅಂಗಿಯೊಳಗೆ ಸೇರಿಸಿಕೊಳ್ಳುತ್ತಿದ್ದಳು.

ಹುಡುಗಿ ಬೈಕಿನಿಂದ ಇಳಿದು ಮೊದಲು ತಾಯಿಯ ಎರಡೂ ಕೈ ನೋಡಿದಳು. ಆಮೇಲೆ ಗಾಲಿಯ ಮೇಲೆ ಕೂತ ಮುಖವನ್ನು ನೋಡಿದಳು. ನಾನು ಹೇಳಿದೆ, "ಬಣ್ಣ ಬ್ಯಾಡ, ಮ್ಯಾಲ ಗ್ರೀಸ್ ಅದ. ಒರಿಸಿದ್ರ ಸಾಕು, ಕಣ್ಣು ಬರ್ತಾವ. ಕತ್ತಲ್ಯಾಗಿಂದ ಹಲ್ಲು ತೆಗದಿಲ್ಲೇನು, ಹಾಂಗ." ಒರೆಸಲು ಚಿಂದಿ ಹುಡುಕುತ್ತಿದ್ದೆ. ಅವಳು ಪಾಟಿಚೀಲದಿಂದ ಕಂಪಾಸ್ ಪೆಟ್ಟಿಗೆ ತೆಗೆದು, ಅದರೊಳಗೆ ಮಡಚಿಟ್ಟಿದ್ದ ಒಂದು ಹಸಿರು ತುಂಡು ಹೊರತೆಗೆದಳು. ಹರಿದ ಸೆರಗು. ಆ ಐತ್ವಾರದಿಂದ ಅದನ್ನು ಹೊತ್ತುಕೊಂಡು ಓಡಾಡಿದ್ದಳು, ನಾನು ಧೈರ್ಯವಂತೆ ಎಂದು ಹಂಗಿಸಿದ ದಿನವೂ. ತಾಯಿ ಅದನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದಳು.

ಅಷ್ಟು ಹೊತ್ತಿಗೆ ಊಟ ಮುಗಿಸಿದ ಹೆಂಗಸರು ತಮ್ಮ ತಮ್ಮ ಜಾಗಕ್ಕೆ ಬಂದಿದ್ದರು. ತಾಯಿಯೂ ಅಭ್ಯಾಸಬಲದಿಂದ ಗಾಲಿಯ ಪಕ್ಕ, ತನ್ನ ಹಳೆಯ ಜಾಗದಲ್ಲಿಯೇ ನಿಂತಳು. ಕಣ್ಣು ತೆರೆದೊಡನೆ ಚಾಲೂ ಮಾಡಲು ಸಾವ್ಕಾರರು ಟ್ರ್ಯಾಕ್ಟರಿನ ಸೀಟು ಹತ್ತಿ ಕೀಲಿಗೆ ಕೈ ಹಾಕಿ ಕೂತರು. ಹುಡುಗಿ ಬಟ್ಟೆ ಹಿಡಿದ ಕೈಯನ್ನು ಎಡಗಣ್ಣಿನ ತನಕ ಒಯ್ದು ಅಲ್ಲೇ ನಿಲ್ಲಿಸಿದಳು.

"ಯಾಕವಾ, ಒರಸು" ಎಂದರು ಸಾವ್ಕಾರರು.

ಅವಳು ಅವರ ಕಡೆ ತಿರುಗಲಿಲ್ಲ. "ಹಿಂದ ಸರಿ, ಅವ್ವಾ" ಎಂದಳು.

ತಾಯಿ ಒಂದು ಹೆಜ್ಜೆ ಸರಿದಳು.

"ಇನ್ನಾ."

ತಾಯಿ ನಕ್ಕಂತೆ ಮಾಡಿದಳು, ಸಾವ್ಕಾರರತ್ತ ನೋಡಿದಳು, ಇನ್ನೊಂದು ಹೆಜ್ಜೆ ಸರಿದಳು. ಅವಳ ಜೊತೆ ಉಳಿದ ಹೆಂಗಸರೂ ಸರಿದರು. ಸಾವ್ಕಾರರು ಕೀಲಿಯಿಂದ ಕೈ ತೆಗೆದರು. ಹುಡುಗಿಯ ಕೈ ಮುಖದ ಮೇಲೆ ಹಾಗೇ ಇತ್ತು.

"ಇನ್ನಾ ಸರಿ."

ಯಾರೂ ನಗುತ್ತಿರಲಿಲ್ಲ. ಬೇವಿನ ಗಿಡ ಬೆನ್ನಿಗೆ ತಾಗುವತನಕ ತಾಯಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದಳು. ಆಮೇಲೆ ಹುಡುಗಿ ಗ್ರೀಸ್ ಒರೆಸಿದಳು.